ಓದುಗರ ಪ್ರಶ್ನೆ: ಕವಿರಾಜಮಾರ್ಗ ಯಾರದು?

ಪ್ರಶ್ನೆ: ನಾವು ಎಂಟು ಜನ ಭಾನುವಾರ ಬೆಳಿಗ್ಗೆ ಸೇರಿ ಹಳಗನ್ನಡ ಓದುತ್ತೇವೆ. ಯಾರೂ ಕನ್ನಡ ಎಂ.ಎ. ಮಾಡಿದವರಲ್ಲ. ಈಗ ಕಾವ್ಯ ಹೇಗಿರಬೇಕೆಂದು ಹೇಳುವ ಲಕ್ಷಣಗ್ರಂಥ ‘ಕವಿರಾಜಮಾರ್ಗ’ ಹಿಡಿದಿದ್ದೇವೆ. ಬರೆದವನು ರಾಷ್ಟ್ರಕೂಟ ದೊರೆ ನೃಪತುಂಗನೋ ಅವನ ಆಸ್ಥಾನದ ಕವಿ ಶ್ರೀವಿಜಯನೋ ಎಂಬ ವಾದದಲ್ಲೇ ಮೂರು ವಾರ ಹೋಯಿತು. ಓದು ನಿಂತಿದೆ. ವಿದ್ವಾಂಸರೇ ಒಮ್ಮತಕ್ಕೆ ಬರದ ವಿಷಯಕ್ಕೆ ನಮ್ಮಂಥವರು ಕೈ ಹಾಕಬಹುದೇ? ನಿಮ್ಮ ಅಭಿಪ್ರಾಯವನ್ನಾದರೂ ತಿಳಿಸಿ.

ಉತ್ತರ: ಖಂಡಿತ ಕೈ ಹಾಕಿ. ನಾನೂ ಇಂಥದ್ದೇ ಗುಂಪಿನಲ್ಲಿ ಹನ್ನೊಂದು ವರ್ಷ ಕೂತವಳು. ಈ ಪುಸ್ತಕವನ್ನೇ ಎರಡು ಸಲ ಓದಿದ್ದೇವೆ. ನಿಮ್ಮ ಮೂರು ವಾರ ಹಾಳಾಯಿತು ಅಂದುಕೊಳ್ಳಬೇಡಿ. ಆದರೆ ವಾದವನ್ನು ಪುಸ್ತಕದ ಒಳಗೆ ತನ್ನಿ.

ನಾವು ಮೊದಲ ಸಲ ಮಾಡಿದ ತಪ್ಪು ಹೇಳುತ್ತೇನೆ. ಪಠ್ಯಕ್ಕಿಂತ ಮೊದಲು ಮುನ್ನುಡಿ ಓದಿದೆವು. ಮುನ್ನುಡಿ ಬರೆದವರು ಯಾರ ಪಕ್ಷವೋ ನಾವೂ ಆ ಪಕ್ಷವಾದೆವು. ಕೊನೆಗೆ ಕೈ ಎತ್ತಿಸಿ ಎಣಿಸಿದೆವು. ಏಳು ಜನ ನೃಪತುಂಗ, ನಾಲ್ವರು ಶ್ರೀವಿಜಯ. ಎಣಿಕೆಯಿಂದ ಏನು ತಿಳಿಯಿತು? ಏನೂ ಇಲ್ಲ.

ಮುಖಪುಟದ ಮೇಲಿನ ಹೆಸರು ಸಂಪಾದಕರ ತೀರ್ಮಾನ ಎಂಬುದು ನೆನಪಿರಲಿ. 1898ರಲ್ಲಿ ಕೆ.ಬಿ. ಪಾಠಕ್ ಇದನ್ನು ಮೊದಲು ಅಚ್ಚು ಹಾಕಿಸಿದಾಗ ನೃಪತುಂಗನ ಗ್ರಂಥವೆಂದೇ ಪ್ರಕಟಿಸಿದರು. ಮುಂದೆ ಎಂ.ವಿ. ಸೀತಾರಾಮಯ್ಯನವರು ಶ್ರೀವಿಜಯನ ಹೆಸರಿನಲ್ಲಿ ಸಂಪಾದಿಸಿದರು. ಪುಸ್ತಕ ಅದೇ, ಹೆಸರು ಬೇರೆ. ಸಾಧ್ಯವಾದರೆ ಎರಡು ಬೇರೆ ಮುದ್ರಣ ಮುಂದೆ ಇಟ್ಟುಕೊಳ್ಳಿ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಪಾಠಾಂತರ, ಅಂದರೆ ಬೇರೆ ಪ್ರತಿಗಳಲ್ಲಿ ಕಾಣುವ ಬೇರೆ ಪದ, ಕೊಟ್ಟಿದ್ದರೆ ಬಿಡದೆ ನೋಡಿ.

ನಮ್ಮ ಎರಡನೇ ಓದಿನಲ್ಲಿ ಒಂದೇ ಪದದ ಮುಂದೆ ಇಡೀ ಬೆಳಿಗ್ಗೆ ಕಳೆಯಿತು. ಪರಿಚ್ಛೇದ ಮುಗಿಯುವಲ್ಲಿ ‘ನೃಪತುಂಗದೇವಾನುಮತಮಪ್ಪ ಕವಿರಾಜಮಾರ್ಗದೊಳ್’ ಎಂದು ಬರುತ್ತದಲ್ವಾ? ಅಲ್ಲಿ ‘ಕೃತ’ ಇಲ್ಲ, ‘ವಿರಚಿತ’ ಇಲ್ಲ. ‘ಅನುಮತ’ ಇದೆ. ನೃಪತುಂಗದೇವನಿಗೆ ಒಪ್ಪಿಗೆಯಾದದ್ದು ಅಂತ. ನಮ್ಮಲ್ಲಿ ಒಬ್ಬರು ಮೂವತ್ತು ವರ್ಷ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಅಷ್ಟು ದಿನ ಜಾಸ್ತಿ ಮಾತಾಡದವರು ಅವತ್ತು ಪುಸ್ತಕ ಮುಚ್ಚಿ ಹೇಳಿದರು: “ಪತ್ರದ ಕರಡು ನಾನು ಬರೀತಿದ್ದೆ. ಸಾಹೇಬರು ಓದಿ, ಅಲ್ಲಲ್ಲಿ ಹೊಡೆದುಹಾಕಿ, ತಿದ್ದಿ, ಸಹಿ ಮಾಡೋರು. ಪತ್ರದ ಮಾತು ನನ್ನದು, ನಿಲುವು ಅವರದು. ಅದು ಯಾರ ಪತ್ರ ಹೇಳಿ?” ಯಾರಿಗೂ ಉತ್ತರ ಹೊಳೆಯಲಿಲ್ಲ. ನನಗಂತೂ ಆಗಲೇ ಪ್ರಶ್ನೆ ಎರಡಾಗಿ ಕಂಡಿತು. ಪದ್ಯ ಕಟ್ಟಿದ ಕೈ ಯಾರದು? ಅದರಲ್ಲಿರುವ ಮತ ಯಾರದು? ನೀವು ವಾದ ಮಾಡುವಾಗ ಅರ್ಧ ಜನ ಮೊದಲನೆಯದನ್ನೂ ಉಳಿದರ್ಧ ಎರಡನೆಯದನ್ನೂ ಹಿಡಿದುಕೊಂಡಿರಬಹುದು. ಒಮ್ಮೆ ಕೇಳಿ ನೋಡಿ.

ಇನ್ನು ನನ್ನ ಅಭಿಪ್ರಾಯ. ಕೈ ಶ್ರೀವಿಜಯನದು, ಆಸ್ಥಾನದ ಮತ ನೃಪತುಂಗನದು ಎಂದು ನಾನು ನಂಬುತ್ತೇನೆ. ‘ಅನುಮತ’ ಒಂದು ಕಾರಣ. ಇನ್ನೊಂದು ದುರ್ಗಸಿಂಹನ ಸಾಕ್ಷಿ. 1031ರ ತನ್ನ ಪಂಚತಂತ್ರದಲ್ಲಿ ಆತ ‘ಶ್ರೀವಿಜಯರ ಕವಿಮಾರ್ಗ’ವನ್ನು ಹೊಗಳುತ್ತಾನೆ. ಕವಿಗಳ ಮನಸ್ಸಿಗೆ ಅದು ಕನ್ನಡಿ, ಅದು ಕೈದೀವಿಗೆ ಅನ್ನುತ್ತಾನೆ. ಎಷ್ಟು ಚೆಂದ ನೋಡಿ. ಕೈದೀವಿಗೆ ಊರನ್ನೆಲ್ಲ ಬೆಳಗುವುದಿಲ್ಲ. ಹಿಡಿದವನ ಮುಂದಿನ ಎರಡು ಹೆಜ್ಜೆ ತೋರಿಸುತ್ತದೆ. ಲಕ್ಷಣಗ್ರಂಥಕ್ಕೆ ಇದಕ್ಕಿಂತ ಒಳ್ಳೆಯ ಹೋಲಿಕೆ ನಾನು ಕಂಡಿಲ್ಲ. ಸುಮಾರು 850ರ ಗ್ರಂಥಕ್ಕೆ ನಮಗಿಂತ ಎಷ್ಟೋ ಹತ್ತಿರ ಇದ್ದವನ ಮಾತು ಇದು. ಸುಮ್ನೆ ತಳ್ಳಿಹಾಕುವಂಥದ್ದಲ್ಲ.

ಆದರೆ ನಿಮ್ಮಲ್ಲಿ ನೃಪತುಂಗನ ಪಕ್ಷದವರ ಕೈ ಬರಿದಲ್ಲ. ಗ್ರಂಥದ ಮೊದಲ ಪರಿಚ್ಛೇದದಲ್ಲೇ ಹಿಂದಿನ ಕವಿಗಳ ಹೆಸರು ಬರುತ್ತದೆ: ‘ಪರಮಶ್ರೀವಿಜಯ ಕವೀಶ್ವರ ಪಂಡಿತ ಚಂದ್ರ ಲೋಕಪಾಲಾದಿಗಳ’ ಎಂದು. ಶ್ರೀವಿಜಯನೇ ಬರೆದಿದ್ದರೆ ಹಿಂದಿನವರ ಸಾಲಿನಲ್ಲಿ ತನ್ನನ್ನೇ ಮೊದಲು ಕೂರಿಸಿ, ಮೇಲೆ ‘ಪರಮ’ ಅಂತ ಸೇರಿಸಿಕೊಳ್ಳುತ್ತಿದ್ದನೇ? ಇದು ಗಟ್ಟಿ ಆಕ್ಷೇಪ. ಇಬ್ಬರು ಶ್ರೀವಿಜಯರಿದ್ದರು ಅಂದರೆ ತೊಡಕು ಬಿಡುತ್ತದೆ, ಆದರೆ ಆ ಇಬ್ಬರನ್ನು ತೋರಿಸುವ ಹೊಣೆ ನಮ್ಮ ಪಕ್ಷದ ಮೇಲೆ ಬೀಳುತ್ತದೆ. ಅಷ್ಟೇ ಅಲ್ಲ, ‘ನೃಪತುಂಗ’, ‘ಅತಿಶಯಧವಳ’ ಎಂಬ ರಾಜನ ಬಿರುದುಗಳು ಪದ್ಯಗಳ ಒಳಗೇ ಮತ್ತೆ ಮತ್ತೆ ಬರುತ್ತವೆ. 814ರಿಂದ 878ರವರೆಗೆ ಮಾನ್ಯಖೇಟದಿಂದ ಆಳಿದ ಅಮೋಘವರ್ಷ, ಅಂದರೆ ಈ ನೃಪತುಂಗನೇ, ಓದುಬರಹದ ಅರಸ. ಸುಮ್ಮನೆ ಸಹಿ ಹಾಕಿ ಕಳಿಸುವವನಲ್ಲ.

ಒಂದು ಮಾತು ಮರೆಯುವ ಮೊದಲು ಹೇಳಿಬಿಡುತ್ತೇನೆ. ದಂಡಿಯ ಸಂಸ್ಕೃತ ಲಕ್ಷಣಗ್ರಂಥ ಕಾವ್ಯಾದರ್ಶದ ಕನ್ನಡ ಅನುವಾದ ಸಿಕ್ಕರೆ ಪಕ್ಕದಲ್ಲಿ ಇಟ್ಟುಕೊಳ್ಳಿ. ಅಲಂಕಾರದ ಭಾಗದಲ್ಲಿ ದಂಡಿಯಿಂದ ತಂದದ್ದು ಬಹಳ ಇದೆ. ದಂಡಿಯ ಮಾತನ್ನು ಬರೆದವನ ಸ್ವಂತ ದನಿ ಅಂದುಕೊಂಡು ನಾವು ಒಮ್ಮೆ ಒಂದು ತಿಂಗಳು ದಾರಿ ತಪ್ಪಿದ್ದೆವು. ಯಾವುದು ದಂಡಿಯಲ್ಲಿಲ್ಲವೋ ಅಲ್ಲಿ ಕಿವಿಗೊಡಿ. ಕಾವೇರಿಯಿಂದ ಗೋದಾವರಿವರೆಗಿನ ನಾಡು, ‘ಕುರಿತೋದದೆಯುಂ’, ಅಂದರೆ ಉದ್ದೇಶವಿಟ್ಟು ಓದದೆಯೂ, ಕಾವ್ಯ ಬಲ್ಲ ಜನ, ಕನ್ನಡದ ಜೊತೆ ಸಂಸ್ಕೃತವನ್ನು ಹೊಂದಿಕೆಯಿಲ್ಲದೆ ಬೆರೆಸುವವರ ಮೇಲಿನ ಸಿಟ್ಟು, ಇವೆಲ್ಲ ಇಲ್ಲಿಯವನ ಮಾತು. ಕೈ ಯಾರದೇ ಇರಲಿ, ಆ ಮನುಷ್ಯನ ದನಿ ಇಲ್ಲಿ ಕೇಳುತ್ತದೆ.

ಒಂದು ನೋಟ್‌ಬುಕ್ ಇಡಿ. ಎಡಗಡೆ ಪುಟದಲ್ಲಿ ಗ್ರಂಥದಲ್ಲಿ ಇರುವ ಮಾತು, ಪದ್ಯದ ಸಂಖ್ಯೆ ಸಮೇತ. ಬಲಗಡೆ ನಿಮ್ಮ ಊಹೆ. ಎರಡೂ ಬೆರೆಯದಿರಲಿ. ಪರಿಚ್ಛೇದದ ಕೊನೆಯ ಗದ್ಯದ ಸಾಲನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ, ಅಂಥ ಸಾಲುಗಳು ಓಲೆಗರಿ ನಕಲು ಮಾಡಿದವರ ಕೈಯಿಂದಲೂ ಬಂದಿರಬಹುದು. ಹಾಗೇನಾದರೂ ಆಗಿದ್ದರೆ ನನ್ನ ‘ಅನುಮತ’ದ ವಾದವೂ ಸಡಿಲವಾಗುತ್ತದೆ. ಅದನ್ನೂ ಬರೆದಿಡಿ.

ಬರುವ ಭಾನುವಾರ ನೃಪತುಂಗನ ಪಕ್ಷದವರು ದುರ್ಗಸಿಂಹನ ಪದ್ಯ ಓದಲಿ. ಶ್ರೀವಿಜಯನ ಪಕ್ಷದವರು ‘ಪರಮಶ್ರೀವಿಜಯ’ ಪದ್ಯ ಬಿಡಿಸಲಿ. ಏನು ಕಂಡಿತು ಅಂತ ಬರೆದು ತಿಳಿಸಿ, ನಾನು ಕಾಯುತ್ತಿರುತ್ತೇನೆ.