ಕಡಿಮೆ ದರದ ಕೋಟು, ಯಾರ ಲೆಕ್ಕದಲ್ಲಿ?

ಓದುಗರ ಪತ್ರ: ಪಾಲಿಕೆ, ನಗರಸಭೆಗಳು ಬಟ್ಟೆ ಕೊಳ್ಳುವಾಗ ಹೊಲಿದವರಿಗೆ ನ್ಯಾಯವಾದ ಕೂಲಿ ಸಿಕ್ಕಿದೆಯೇ ಎಂದು ನೋಡಬೇಕೆಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾನು ಪುರಸಭೆಯ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತನಾದವನು. ಟೆಂಡರ್ ಅಂದರೆ ಎಲ್‌-1, ಅಂದರೆ ಎಲ್ಲರಿಗಿಂತ ಕಡಿಮೆ ದರ ಬರೆದವರಿಗೆ ಆರ್ಡರ್, ಅಷ್ಟೇ. ಹೊಲಿದವರ ಮನೆ ಹುಡುಕುತ್ತ ಹೋದರೆ ಆಡಿಟ್‌ನವರು ಬಿಡುತ್ತಾರೆಯೇ? ಪೌರಕಾರ್ಮಿಕರಿಗೆ ಕೋಟು ಸಿಕ್ಕರೆ ಸಾಲದೇ?
– ಓದುಗರೊಬ್ಬರು, ಸೇಡಂ

ಸಂಪಾದಕರ ಉತ್ತರ:

ನಿಮಗೆ ಸಲ್ಲಬೇಕಾದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಅದು ಜನರ ತೆರಿಗೆ ರೊಕ್ಕ. ಸಾಹೇಬರ ಮನಸ್ಸಿಗೆ ಬಂದವರಿಗೆ ಆರ್ಡರ್ ಕೊಡುವಂತಾದರೆ ಬೀಗರು, ಬೇಕಾದವರು ಸಾಲುಗಟ್ಟಿ ನಿಲ್ಲುತ್ತಾರೆ. ಸರ್ಕಾರಿ ಖರೀದಿಗೆ ಟೆಂಡರ್ ಕಡ್ಡಾಯ ಮಾಡಿದ ರಾಜ್ಯದ 1999ರ ಪಾರದರ್ಶಕತೆ ಕಾಯ್ದೆ ಬಂದದ್ದೇ ಅದನ್ನು ತಡೆಯಲು. ಒಪ್ಪಿದೆ. ಇನ್ನು ನನ್ನ ಮಾತು ಕೇಳಿ.

ಆ ಕೋಟನ್ನು ಎಂದಾದರೂ ಕೈಯಲ್ಲಿ ಹಿಡಿದು ನೋಡಿದ್ದೀರಾ? ನಮ್ಮ ಕಚೇರಿಯ ಓಣಿ ಗುಡಿಸುವ ತಾಯಿಯೊಬ್ಬರು ನನಗೆ ತೋರಿಸಿದರು. ಪೂರಾ ಪಾಲಿಯೆಸ್ಟರ್. ಕಂಕುಳಲ್ಲಿ ಒಂಟಿ ಹೊಲಿಗೆ ಬಿಚ್ಚಿ ಎರಡು ಬೆರಳು ತೂರುವಷ್ಟು ಕಿಂಡಿ. ಕಾಜಕ್ಕೆ ದಾರ ಸರಿಯಾಗಿ ಸುತ್ತಿಲ್ಲ, ಗುಂಡಿ ನಿಲ್ಲುವುದಿಲ್ಲ. ಎಲೆ-ಅಡಿಕೆ ಚೀಲ ಇಟ್ಟುಕೊಳ್ಳಲು ಒಂದು ಕಿಸೆಯೂ ಇಲ್ಲ. ಕಲಬುರಗಿಯ ಬೇಸಿಗೆಯಲ್ಲಿ, 42 ಡಿಗ್ರಿಯ ಬಿಸಿಲಲ್ಲಿ, ಅದು ತಳ್ಳುಗಾಡಿಯ ಹಿಡಿಕೆಗೆ ನೇತಾಡುತ್ತಿರುತ್ತದೆ. ಮೇಸ್ತ್ರಿ ಬರುವುದು ಕಂಡಾಗ ಮಾತ್ರ ಮೈಗೇರುತ್ತದೆ. ನಿಮ್ಮ ಎಲ್‌-1 ಉಳಿಸಿದ ರೊಕ್ಕ ಎಲ್ಲಿ ಹೋಯಿತು, ಹೇಳಿ?

ಇಂಥ ಕೋಟು ಹೊಲಿಯುವವರನ್ನೂ ನೋಡಿದ್ದೇನೆ. ಠೇಕೇದಾರನ ಕೆಳಗೊಬ್ಬ ಠೇಕೇದಾರ, ಅವನ ಕೆಳಗೆ ಕತ್ತರಿಸಿದ ಬಟ್ಟೆಯ ಗಂಟನ್ನು ಮನೆಮನೆಗೆ ಹಂಚುವವನು. ಪಡಸಾಲೆಯಲ್ಲಿ ಮಷೀನ್ ಇಟ್ಟುಕೊಂಡ ಹೆಣ್ಣುಮಗಳಿಗೆ ಪೀಸಿನ ಲೆಕ್ಕದಲ್ಲಿ ಕೂಲಿ. ದಾರ ಅವಳದು, ಮುರಿದ ಸೂಜಿ ಅವಳದು, ಕರೆಂಟ್ ಬಿಲ್ಲೂ ಅವಳದೇ. ಒಂದು ಪೀಸಿನ ಕೂಲಿಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಒಂದು ಪ್ಲೇಟ್ ಸೂಸಲಾ ಬರುವುದಿಲ್ಲ. ಅಂಚು ಬಿಚ್ಚದಂತೆ ಓವರ್‌ಲಾಕ್ ಹೊಲಿಗೆ ಯಾಕೆ ಹಾಕಿಲ್ಲ ಎಂದು ಕೇಳಿದರೆ ನಕ್ಕು, ‘ಅದರ ರೊಕ್ಕ ಯಾರ್ ಕೊಡ್ತಾರ್ರಿ?’ ಅಂದಳು.

ಇದು ಠೇಕೇದಾರನ ತಪ್ಪು, ನಗರಸಭೆಗೇನು ಸಂಬಂಧ ಅನ್ನುತ್ತೀರಿ. 1982ರಲ್ಲಿ ದಿಲ್ಲಿಯ ಏಷ್ಯಾಡ್ (ಏಷ್ಯನ್ ಕ್ರೀಡಾಕೂಟ) ಕಾಮಗಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಂದೆಯೂ ಇದೇ ವಾದ ಬಂದಿತ್ತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದಿತು ಕೋರ್ಟು. ಠೇಕೇದಾರನ ಕಡೆ ಬೊಟ್ಟು ಮಾಡಿ ಸರ್ಕಾರಿ ಸಂಸ್ಥೆಗಳು ಕೈತೊಳೆದುಕೊಳ್ಳುವಂತಿಲ್ಲ ಎಂದೂ ಹೇಳಿತು. ಅದು ಕಟ್ಟಡ ಕಾಮಗಾರಿಯ ಮಾತು, ಬಟ್ಟೆ ಖರೀದಿಯದಲ್ಲ, ಖರೆ. ಆದರೆ ಇಟ್ಟಿಗೆ ಹೊತ್ತವಳಿಗೆ ಅನ್ವಯಿಸುವ ನ್ಯಾಯ ಸೂಜಿ ಹಿಡಿದವಳಿಗೆ ಯಾಕೆ ಬೇಡ?

ಟೆಂಡರಿನಲ್ಲಿ ದರ ಬಿಟ್ಟು ಬೇರೆ ಮಾತಿಗೆ ಜಾಗವಿಲ್ಲ ಅನ್ನುವುದೂ ಅಷ್ಟೇ. ನಮ್ಮದೇ ರಾಜ್ಯದಲ್ಲಿ, ಅದೇ ಪಾರದರ್ಶಕತೆ ಕಾಯ್ದೆಗೆ ತಿದ್ದುಪಡಿ ತಂದು, 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಶೇ 24.1ರಷ್ಟನ್ನು ಪರಿಶಿಷ್ಟ ಜಾತಿ, ಪಂಗಡಗಳ ಗುತ್ತಿಗೆದಾರರಿಗೆ ಮೀಸಲಿಟ್ಟರು. 2023ರಲ್ಲಿ ಆ ಮಿತಿ 1 ಕೋಟಿಗೆ ಏರಿತು. ಆಕಾಶ ಕಳಚಿ ಬೀಳಲಿಲ್ಲ. ಸರ್ಕಾರಿ ಶಾಲೆಯ ಮಕ್ಕಳ ಸಮವಸ್ತ್ರಕ್ಕೆ ವಿದ್ಯಾವಿಕಾಸ ಯೋಜನೆಯಲ್ಲಿ ಕೈಮಗ್ಗ ಅಭಿವೃದ್ಧಿ ನಿಗಮದ ನೇಕಾರರಿಂದ ಬಟ್ಟೆ ನೇಯಿಸಿದ್ದೂ ಇಲ್ಲೇ. ಅಮೆರಿಕದಲ್ಲಿ ಲಾಸ್ ಏಂಜಲೀಸ್ 2004ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ 2005ರಲ್ಲಿ, ನಗರಾಡಳಿತಕ್ಕೆ ಬಟ್ಟೆ ಮಾರುವವರ ಕಾರ್ಖಾನೆಗಳಲ್ಲಿ ಕಾರ್ಮಿಕರ ಶೋಷಣೆ ಇರಬಾರದು ಎಂದು ನಿಯಮವನ್ನೇ ತಂದವು. ಯಾರು ಹೊಲಿದರೆಂದು ಮೊದಲೇ ಬರೆದಿಡದಿದ್ದರೆ ಏನಾಗುತ್ತದೆ ಎನ್ನುವುದು 2013ರ ಏಪ್ರಿಲ್‌ನಲ್ಲಿ ಢಾಕಾ ಹತ್ತಿರ ಸಿದ್ಧ ಉಡುಪು ಕಾರ್ಖಾನೆಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದಾಗ ಗೊತ್ತಾಯಿತು. 1,100ಕ್ಕೂ ಹೆಚ್ಚು ಜನ ಸತ್ತರು. ಅವರು ಯಾವ ಕಂಪನಿಗೆ ಹೊಲಿಯುತ್ತಿದ್ದರೆಂದು ತಿಳಿಯಲು ಅವಶೇಷದೊಳಗೆ ಲೇಬಲ್ ಹುಡುಕಬೇಕಾಯಿತು.

ನನ್ನ ಸಿಟ್ಟು ಕೋಟಿನದಷ್ಟೇ ಅಲ್ಲ. ಕಲಬುರಗಿಗೆ ಹತ್ತಿ, ನೂಲು ಹೊಸತೇ? ನಿಜಾಮನ ಕಾಲದ ಬಟ್ಟೆ ಗಿರಣಿ ಎಂಎಸ್‌ಕೆ ಮಿಲ್ ಈಗ ಆಟೊದವರು ಕೂಗುವ ಏರಿಯಾದ ಹೆಸರು. ಶಹಾಪುರ, ಸುರಪುರದ ಕಡೆ ಹತ್ತಿ ಬೆಳೆಯುತ್ತಾರೆ. ಅದು ಲಾರಿ ಹತ್ತಿ ಹೊರಗೆ ಹೋಗುತ್ತದೆ, ನಮಗೆ ಪಾಲಿಯೆಸ್ಟರ್ ಬರುತ್ತದೆ. ಆ ರೈತರ ಮಕ್ಕಳು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. 2023ರಲ್ಲಿ ಪಿಎಂ ಮಿತ್ರ ಜವಳಿ ಪಾರ್ಕ್‌ಗೆ ದೇಶದ ಏಳು ಕಡೆ ಜಾಗ ಗೊತ್ತು ಮಾಡಿದಾಗ ಕಲಬುರಗಿಯ ಹೆಸರೂ ಇತ್ತು. ಸಂತೋಷ. ಅಲ್ಲಿ ಹೊಲಿದ ಅಂಗಿಯನ್ನು ನಮ್ಮ ಪಾಲಿಕೆಯೇ ನ್ಯಾಯದ ದರಕ್ಕೆ ಕೊಳ್ಳದಿದ್ದರೆ ಇನ್ಯಾರು ಕೊಳ್ಳಬೇಕು? ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯಲ್ಲಿ ರಾಷ್ಟ್ರಧ್ವಜ ಮಾಡುವವರ ಹೊಟ್ಟೆಯ ಮೇಲೂ 2021ರ ಕೊನೆಗೆ ಪಾಲಿಯೆಸ್ಟರ್ ಬಾವುಟಕ್ಕೆ ಅನುಮತಿ ಕೊಟ್ಟು ಹೊಡೆದರು.

ಇನ್ನು ಸನ್ಮಾನದ ಶಾಲು! ದೇವರ ದಾಸಿಮಯ್ಯ ನಮ್ಮ ಸುರಪುರ ತಾಲ್ಲೂಕಿನ ಮುದನೂರಿನವರು, ಮಗ್ಗದವರು. ಅವರ ಜಯಂತಿಯ ದಿನ ಫೋಟೊಗೆ ಹಾರ ಹಾಕಿ, ಮುಖ್ಯ ಅತಿಥಿಗೆ ಜರಿ ಬಳಿದ ನೈಲಾನ್ ಶಾಲು ಹೊದಿಸುತ್ತೇವೆ. ಅತಿಥಿ ಅದನ್ನು ಕಾರಿನ ಹಿಂದಿನ ಸೀಟಿಗೆ ಎಸೆಯುತ್ತಾರೆ. ನನ್ನ ಮನೆಯಲ್ಲೂ ಒಂದು ಗಂಟಿದೆ. ನೆಲ ಒರೆಸಿದರೆ ನೀರನ್ನೂ ಹೀರುವುದಿಲ್ಲ.

ಸೇಡಂನವರೇ, ನಿಮ್ಮ ಮೇಲೆ ನನಗೆ ಬೇಸರವಿಲ್ಲ. ಟೆಂಡರ್ ದಸ್ತಾವೇಜಿನ ಒಳಹೊರಗು ಬಲ್ಲವರು ನೀವು, ನಾನಲ್ಲ. ಹೊಲಿಯುವ ಜಾಗದ ವಿಳಾಸ, ಪೀಸಿಗೆ ಕೊಟ್ಟ ಕೂಲಿಯ ದಾಖಲೆ, ಒಳಗುತ್ತಿಗೆ ಕೊಟ್ಟರೆ ಅವರ ಹೆಸರು, ಬಟ್ಟೆಯಲ್ಲಿ ಹತ್ತಿ ಎಷ್ಟು ಪಾಲು, ಇವಿಷ್ಟನ್ನು ಆಡಿಟ್‌ನವರೂ ತಕರಾರು ತೆಗೆಯದಂತೆ ಷರತ್ತುಗಳಾಗಿ ಬರೆದುಕೊಡಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗೆ. ಆ ಪುಟ ಹಿಡಿದು ಪಾಲಿಕೆ ಆಯುಕ್ತರ ಹತ್ತಿರ ಹೋಗುವ ಕೆಲಸ ನನಗಿರಲಿ.