ಕೊಡಗಿನ ಐತಿಹ್ಯಗಳ ಬಗ್ಗೆ ಸಾಕ್ಷ್ಯಚಿತ್ರ ಮಾಡುವಾಗ ಹೆಣ್ಣಿನ ದನಿಯನ್ನು ಎಲ್ಲಿ ಹುಡುಕಬೇಕು?
ಸೀರೆಯ ನೆರಿಗೆಯಿಂದಲೇ ಶುರು ಮಾಡಿ. ಗಂಡ ಅಗಸ್ತ್ಯರ ಕಮಂಡಲದಿಂದ ಹೊರಬಿದ್ದು ಹರಿದ ಕಾವೇರಿಯನ್ನು ಬಲಮುರಿಯಲ್ಲಿ ಕೊಡವರು ತಡೆದರಂತೆ. ನೀರಿನ ರಭಸಕ್ಕೆ ಹೆಂಗಸರ ನೆರಿಗೆ ಬೆನ್ನಿನ ಕಡೆಗೆ ಸರಿಯಿತಂತೆ. ಕೊಡವತಿಯರು ಇಂದಿಗೂ ನೆರಿಗೆಯನ್ನು ಹಿಂದೆಯೇ ಸಿಕ್ಕಿಸುತ್ತಾರೆ. ಇದು ಐತಿಹ್ಯ, ಇತಿಹಾಸವಲ್ಲ. ನಿರೂಪಣೆಯಲ್ಲಿ ಆ ‘ಅಂತೆ’ ಉಳಿಯಲೇಬೇಕು. ಗಂಡನ ಹಿಡಿತ ಮೀರಿ ಹೊರಟವಳನ್ನೇ ನಾಡು ತಾಯಿಯೆಂದು ಪೂಜಿಸುತ್ತದೆ, ನನ್ನ ಮಟ್ಟಿಗೆ ಸ್ವಾರಸ್ಯ ಇರುವುದು ಇಲ್ಲೇ.

ಆದರೆ ದುಡಿ ಎಂಬ ಪುಟ್ಟ ಚರ್ಮವಾದ್ಯ ಬಡಿದು ಇಂಥ ಕಥೆಗಳನ್ನು ಹಾಡುವವರು ಬಹುತೇಕ ಗಂಡಸರು. ಆ ಹಾಡುಗಳನ್ನು 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಪ್ರಕಟಿಸಿದವರೂ ನಡಿಕೇರಿಯಂಡ ಚಿಣ್ಣಪ್ಪ. ಹಾಗಾಗಿ ಕ್ಯಾಮೆರಾವನ್ನು ದುಡಿಯ ಮುಂದೆಯೇ ನೆಡಬೇಡಿ. ಕೊಡವ ಹೆಂಗಸರ ಕುಣಿತವಾದ ಉಮ್ಮತ್ತಾಟ್ ಆಡುವವರನ್ನು ಮಾತನಾಡಿಸಿ. ತುಲಾ ಸಂಕ್ರಮಣದ ಹೊತ್ತಿಗೆ ಸೌತೆಕಾಯಿಗೆ ಕೆಂಪು ರೇಷ್ಮೆ ಸುತ್ತಿ, ಒಡವೆ ತೊಡಿಸಿ, ಅದನ್ನು ಕಾವೇರಮ್ಮೆಯಾಗಿಸುವ ಅಜ್ಜಿಯ ಕೈಗಳನ್ನು ಹತ್ತಿರದಿಂದ ಚಿತ್ರೀಕರಿಸಿ.