ಚಕ್ರಬಡ್ಡಿಯಲ್ಲಿ ₹285 ಹೆಚ್ಚಾದದ್ದು ಹೇಗೆ?

ಪ್ರಶ್ನೆ: ನಮ್ಮೂರಿನ ಪತ್ತಿನ ಸಹಕಾರ ಸಂಘದ ಠೇವಣಿ ಲೆಕ್ಕದ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್. ₹1 ಲಕ್ಷಕ್ಕೆ ಶೇ 7ರ ಚಕ್ರಬಡ್ಡಿಯಂತೆ 10 ವರ್ಷಕ್ಕೆ ಎಷ್ಟಾಗುತ್ತದೆ ಎಂದು 100000 * ಪವರ್(1.07, 10), ಅಂದರೆ ಲಕ್ಷ ಗುಣಿಸು 1.07ರ 10ನೇ ಘಾತ, ಬರೆದರೆ ₹1,97,000 ಬರುತ್ತದೆ. ಕ್ಯಾಲ್ಕುಲೇಟರ್‌ನಲ್ಲಿ ₹1,96,715.14. ಪವರ್ ಬದಲು ^ ಹಾಕಿದರೆ ಎರರ್. ಪರೀಕ್ಷೆಗೆಂದು 2 ^ 10 ಕೊಟ್ಟೆ, 8 ಬಂತು! ಸೂತ್ರವೇ ತಪ್ಪೇ ಸರ್?

ಉತ್ತರ: ಸೂತ್ರ ಸರಿಯಾಗಿಯೇ ಇದೆ. ಎಡವಟ್ಟಾಗಿರುವುದು 1.07ರಲ್ಲಿ.

ಎಸ್‌ಕ್ಯೂಎಲ್ ಸರ್ವರ್‌ನ ಪವರ್ ಫಂಕ್ಷನ್‌ಗೆ ಒಂದು ಹಟವಿದೆ: ಮೊದಲು ಕೊಟ್ಟ ಸಂಖ್ಯೆ ಯಾವ ಟೈಪೋ (ಪೂರ್ಣಾಂಕವೋ, ದಶಮಾಂಶವೋ) ಉತ್ತರವೂ ಅದೇ ಟೈಪು. 1.07 ಎಂದು ಬರೆದರೆ ಅದು ಡೆಸಿಮಲ್, ಬಿಂದುವಿನ ಮುಂದೆ ಎರಡೇ ಅಂಕಿ. ನಿಜವಾದ ಉತ್ತರ 1.967151 ಚಿಲ್ಲರೆ, ಅದನ್ನೂ ಎರಡೇ ಅಂಕಿಗೆ ಇಳಿಸಿ 1.97 ಮಾಡಿಬಿಡುತ್ತದೆ. ಲಕ್ಷದಿಂದ ಗುಣಿಸುವುದು ಆಮೇಲೆ. ಆ ಕೂದಲೆಳೆಯ ವ್ಯತ್ಯಾಸವೇ ₹284.86 ಆಗಿ ನಿಮ್ಮೆದುರು ನಿಂತಿದೆ. ಪವರ್(2, -1) ಕೇಳಿ ನೋಡಿ, ಅರ್ಧದ ಬದಲು ಸೊನ್ನೆ ಬರುತ್ತದೆ. 2 ಪೂರ್ಣಾಂಕ ತಾನೇ!

ಪವರ್(ಕಾಸ್ಟ್(1.07 ಆ್ಯಸ್ ಫ್ಲೋಟ್), 10) ಎಂದು ಬರೆಯಿರಿ. ಕಾಸ್ಟ್ ಎಂದರೆ ಟೈಪು ಬದಲಿಸುವುದು; ಫ್ಲೋಟ್ ಟೈಪಿಗೆ ಎರಡೇ ಅಂಕಿಯ ಕಟ್ಟಿಲ್ಲ. ಪೈಸೆಗೆ ರೌಂಡ್ ಮಾಡುವುದು ಗುಣಾಕಾರವೆಲ್ಲ ಮುಗಿದ ಮೇಲೆ, ಒಂದೇ ಸಲ. ಬಡ್ಡಿದರದ ಕಾಲಂ ಇಂಟ್ (ಪೂರ್ಣಾಂಕ) ಆಗಿದೆಯೇ ಎಂದೂ ನೋಡಿಕೊಳ್ಳಿ. ಹಾಗಿದ್ದರೆ 7/100 ಎಂದರೆ ಸೊನ್ನೆ, ಠೇವಣಿದಾರರಿಗೆ ಹತ್ತು ವರ್ಷ ಕಾದರೂ ಅಸಲೇ ಗತಿ. 100ರ ಬದಲು 100.0 ಹಾಕಿ.

ಇನ್ನು ^ ಚಿಹ್ನೆ. ಎಸ್‌ಕ್ಯೂಎಲ್ ಸರ್ವರ್, ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್ ಎರಡರಲ್ಲೂ ಅದು ಘಾತವಲ್ಲ, ಬಿಟ್‌ಗಳ ಎಕ್ಸ್‌ಆರ್. ಬೈನರಿಯಲ್ಲಿ 2 ಅಂದರೆ 0010, 10 ಅಂದರೆ 1010. ಬೇರೆಬೇರೆ ಬಿಟ್ ಇರುವ ಕಡೆ ಮಾತ್ರ 1 ಉಳಿದು 1000, ಅಂದರೆ 8. ಪೋಸ್ಟ್‌ಗ್ರೆಸ್‌ನಲ್ಲಿ ಇದೇ ಕ್ವೆರಿ 1024 ಕೊಡುತ್ತದೆ, ಗೊಂದಲ ಹುಟ್ಟುವುದೇ ಅಲ್ಲಿ. ಪವರ್ ಎಂದು ಬರೆಯುವ ಅಭ್ಯಾಸವಿದ್ದರೆ ಒರಾಕಲ್ ಸೇರಿ ಈ ಡೇಟಾಬೇಸ್‌ಗಳೆಲ್ಲದರಲ್ಲೂ ನಡೆಯುತ್ತದೆ.

ನೀವು ಕೇಳಿಲ್ಲ, ಆದರೂ ಒಂದು ಮಾತು. ಸಂಘ ವರ್ಷವರ್ಷ ದರ ಬದಲಿಸಿದರೆ ಪವರ್ ಸಾಲದು, ಸಾಲುಗಳನ್ನು ಒಂದಕ್ಕೊಂದು ಗುಣಿಸಬೇಕು. ಕೂಡಲು ಸಮ್ ಇದೆ, ಹಾಗೆ ಗುಣಿಸಲು ಎಸ್‌ಕ್ಯೂಎಲ್ ಸರ್ವರ್ 2025ರಲ್ಲಿ ಪ್ರಾಡಕ್ಟ್ ಬಂದಿದೆ, ಅದಕ್ಕೂ ಹಿಂದಿನ ಆವೃತ್ತಿಗಳಲ್ಲಿ ಏನೂ ಇಲ್ಲ. ಲಾಗರಿದಮ್ ಕೂಡಿ ಘಾತಕ್ಕೇರಿಸಿದರೆ ಗುಣಲಬ್ಧ ಸಿಗುತ್ತದೆಯಲ್ಲ, ಅದೇ ಉಪಾಯ: ಎಕ್ಸ್‌ಪ್(ಸಮ್(ಲಾಗ್(1 + ದರ/100.0))). ದರ 7, 6.5, 6 ಇದ್ದರೆ 1.207923 ಬರಬೇಕು, ಕೈಲೆಕ್ಕಕ್ಕೆ ತಾಳೆ ನೋಡಿ. ಈ ಕ್ವೆರಿಯನ್ನು ಪೋಸ್ಟ್‌ಗ್ರೆಸ್‌ಗೆ ಒಯ್ಯುವುದಾದರೆ ಲಾಗ್ ತೆಗೆದು ಎಲ್‌ಎನ್ ಹಾಕಿ. ಎಕ್ಸ್‌ಪ್‌ಗೆ ಹೊಂದುವುದು ಆಧಾರ e ಇರುವ ಲಾಗರಿದಮ್, ಎಲ್‌ಎನ್ ಅದೇ; ಅಲ್ಲಿ ಲಾಗ್ ಎಂದರೆ ಆಧಾರ 10. ಎರರ್ ಬರುವುದಿಲ್ಲ, ಮೊತ್ತ ಮಾತ್ರ ತಪ್ಪಿರುತ್ತದೆ.